ಸೆರಫಿನ್ ಬಾಯಿಯ ಸಿಹಿ ವೈನು

ನನ್ನ ಎರಡೂ ಕಣ್ಣಾಣೆ, ಇದು ನಡೆದದ್ದೇ. ಸಕ್ಕರೆ ಕಾಯಿಲೆಯ ಗಂಡ ಸಾಯುವಾಗ ಬೇಡಿದರೂ ಸಿಹಿ ವೈನು ಕೊಡದಿದ್ದ ಸೆರಫಿನ್ ಬಾಯಿ, ಅವನ ವರ್ಷದ ಪೂಜೆಗೆಂದು ವೈನು ಮಾಡುವ ಸಾಮಾನಿನ ಕಿಟ್ ತರಿಸಿ ಮನೆಯಲ್ಲೇ ಬಿಳಿ ವೈನು ಮಾಡಿದಳು. ಎಷ್ಟು ಸಕ್ಕರೆ ಪಾಕ ಬೆರೆಸಿದರೂ ನಾಲ್ಕೇ ದಿನಕ್ಕೆ ಸಿಹಿ ಮಾಯ.

"ನಿನ್ನ ಅಣ್ಣನ ಸಿಟ್ಟು ಇನ್ನೂ ಇಳಿಯಲಿಲ್ಲ ಮಾರಾಯ್ತಿ," ಎಂದಳು ನಾದಿನಿಗೆ. " ಸಿಹಿ ಎಲ್ಲ ಅವರೇ ತಿನ್ನುವುದು."

ನಾದಿನಿ ನಕ್ಕಳು. "ಅಣ್ಣ ಅಲ್ಲ ಅತ್ತಿಗೆ, ಯೀಸ್ಟ್. ಅದನ್ನು ಮಲಗಿಸಲು ಕಿಟ್ಟಿನಲ್ಲಿ ಕೊಟ್ಟಿದ್ದ ಪುಡಿಯ ಪೊಟ್ಟಣ ನೀವು ಒಡೆಯಲೇ ಇಲ್ಲವಲ್ಲ."

ಪುಡಿ ಹಾಕಿ ಪಾಕ ಬೆರೆಸಿದ ಮೇಲೆ ವಾರ ಕಳೆದರೂ ಸಿಹಿ ಇಳಿಯಲಿಲ್ಲ. ಸೆರಫಿನ್ ಬಾಯಿ ಸಮಾಧಾನದಿಂದ ಚಹಾಕ್ಕೆ ನೀರಿಟ್ಟು, ನಿನ್ನೆಯಷ್ಟೇ ತುಂಬಿಸಿದ್ದ ಸಕ್ಕರೆ ಡಬ್ಬಿ ತೆರೆದಳು. ಒಂದು ಕಾಳೂ ಇರಲಿಲ್ಲ. ತಳದಲ್ಲಿ, ಗಂಡನ ಜೊತೆಗೇ ಹೂತಿದ್ದ ಹಲ್ಲುಸೆಟ್ಟು ಇತ್ತು.

ನೀವು ನಗುತ್ತಾ ಕೂರಬೇಡಿ, ಸೆರಫಿನ್ ಬಾಯಿಯೇ ನನ್ನನ್ನು ಕಳಿಸಿದ್ದು, ಅವಳ ಡಬ್ಬಿಗೆ ಒಂದು ಲೋಟ ಸಕ್ಕರೆ ಕೊಡಿ. ಹಲ್ಲು ಕೊಂಡುಹೋಗಲು ಅವಳ ಗಂಡ ಮತ್ತೆ ಬರುತ್ತಾನಲ್ಲ.