ಖಾಕಿ ಹೊದಿಕೆ

ಪುಸ್ತಕ ಅದರ ಜಾಗದಲ್ಲಿರಲಿಲ್ಲ. ಟೈಲರಮ್ಮ ಕಿಟಕಿ ಪಕ್ಕದ ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕೆಳಗಿನ ಸಾಲನ್ನು ಬೆರಳಿನಿಂದ ತಡವುತ್ತ ಹೋದಳು. ನುಣುಪು ರಟ್ಟು, ಒರಟು ರಟ್ಟು, ಮತ್ತೆ ನುಣುಪು. ಖಾಕಿ ಬಟ್ಟೆ ಮಾತ್ರ ಕೈಗೆ ತಾಗಲಿಲ್ಲ. ತಿರುಗಿ ನೋಡಿದರೆ ಬಾಗಿಲ ಬಳಿ ಬಾಯಿ ಕಟ್ಟಿದ ಮೂಟೆಗಳು ಗೋಡೆಗೆ ಒರಗಿ ನಿಂತಿದ್ದವು.

"ಸಾರ್, ಆ ಮೂಟೆಗಳು ಎಲ್ಲಿಗೆ?"

"ರದ್ದಿಗೆ, ಅಮ್ಮಾ," ಎಂದ ಗ್ರಂಥಪಾಲಕ, ತಲೆ ಎತ್ತದೆ. ಅವನು ಇಲ್ಲಿಗೆ ಹೊಸಬ. "ವರ್ಷಗಟ್ಟಲೆ ಯಾರೂ ಮುಟ್ಟದ ಪುಸ್ತಕ ಇಟ್ಕೋಬಾರ್ದು ಅಂತ ಮೇಲಿನವರ ಆಜ್ಞೆ. ಹೊಸದಕ್ಕೆ ಜಾಗ ಬೇಕಲ್ಲ."

ಆ ಆಜ್ಞೆ ಅವಳಿಗೆ ಹೊಸದಲ್ಲ. ಅದಕ್ಕೆಂದೇ ಅವಳು ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿದ್ದಳು. ಪುಸ್ತಕ ಬರೆದವನು ಅವಳ ತಮ್ಮ, ಗಾರೆ ಕೆಲಸದವನು. ಗೋಡೆಯ ಬಿರುಕು ನೋಡಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂದು ಬಾಳೆಲ್ಲ ಕಂಡುಕೊಂಡದ್ದನ್ನು ಬರೆದು ಅಚ್ಚು ಹಾಕಿಸಿದ್ದ. ಯಾರೂ ಕೊಳ್ಳಲಿಲ್ಲ. ಮನೆಯಲ್ಲಿದ್ದ ಕಟ್ಟುಗಳನ್ನು ಗೆದ್ದಲು ಮುಗಿಸಿತು. ಉಳಿದದ್ದು ಇಲ್ಲಿಯ ಒಂದು ಪ್ರತಿ. "ಅದೊಂದನ್ನ ನೋಡ್ಕೋ ಅಕ್ಕಾ," ಎಂದು ಹೇಳಿ ಅವನು ಕಣ್ಣು ಮುಚ್ಚಿದ. ಅವಳು ನೋಡಿಕೊಂಡಳು. ಎರವಲು ತಂದು, ಕೆಲವು ದಿನ ಹೊಲಿಗೆ ಯಂತ್ರದ ಪಕ್ಕದಲ್ಲಿಟ್ಟುಕೊಂಡು, ತಾರೀಖಿಗೆ ಸರಿಯಾಗಿ ಹಿಂದಿರುಗಿಸುತ್ತಿದ್ದಳು. ಒಳಗಿನ ಚೀಟಿಯ ಮೇಲೆ ಒಂದು ಮುದ್ರೆ ಬಿದ್ದರೆ ಪುಸ್ತಕಕ್ಕೆ ಅಷ್ಟು ಆಯಸ್ಸು.

ಅವಳು ಎದ್ದುಹೋಗಿ ಒಂದು ಮೂಟೆಯ ಹುರಿ ಬಿಚ್ಚತೊಡಗಿದಳು.

"ಅಯ್ಯೋ, ಬಿಡಿ ಅಮ್ಮಾ! ಅದನ್ನ ಕಟ್ಟೋ ಹೊತ್ತಿಗೇ ನನ್ನ ಸೊಂಟ ಬಿದ್ದುಹೋಗಿದೆ. ಏನು ಹುಡುಕ್ತಿದ್ದೀರಿ ಹೇಳಿ."

"ಖಾಕಿ ಬಟ್ಟೆ ಹೊದಿಸಿದ್ದು ಸಾರ್. ಇಷ್ಟೇ ದಪ್ಪ."

ಅವನು ಲೇಖನಿ ಕೆಳಗಿಟ್ಟ. "ಓ, ಆ ಬಿರುಕಿನ ಪುಸ್ತಕಾನಾ?" ಎಂದು ಡ್ರಾಯರ್ ಎಳೆದು, ಖಾಕಿ ಹೊದಿಕೆಯನ್ನು ತೆಗೆದು ಮೇಜಿನ ಮೇಲಿಟ್ಟ. ಒಳಗೇನೂ ಇರಲಿಲ್ಲ. ಆದರೂ ಅದು ಪುಸ್ತಕದ ಆಕಾರದಲ್ಲೇ ಅರ್ಧ ಬಾಯಿ ತೆರೆದು ಕೂತಿತ್ತು.

"ಪುಸ್ತಕ?" ಎನ್ನುತ್ತ ಟೈಲರಮ್ಮ ಹೊದಿಕೆಯೊಳಗೆ ಕೈ ಹಾಕಿ ನೋಡಿದಳು.

"ಹೆದರ್ಬೇಡಿ, ಓದೋಕೆ ಹೋಗಿದೆ. ಮೂಟೆಗೆ ಹಾಕೋಣ ಅಂತಲೇ ತೆಗೆದೆ. ನೋಡಿದ್ರೆ ಒಳಗೆ ವರ್ಷಕ್ಕೊಂದು ಮುದ್ರೆ. ಯಾರೋ ಪುಣ್ಯಾತ್ಮರು ಬಿಡದೆ ಓದ್ತಿದ್ದಾರಲ್ಲ, ಅಂಥಾದ್ದೇನಿದೆ ಅಂತ ನಾನೂ ಕೂತೆ. ಊಟಕ್ಕೆ ಏಳೋದೇ ಮರೆತುಹೋಯ್ತು. ಹೊದಿಕೆ ಬಿಚ್ಚಿ, ಹೆಸರು ಕಾಣೋ ಹಾಗೆ ಈ ಮೇಜಿನ ಮೇಲೆ ನಿಲ್ಲಿಸಿದೆ. ಮಾರನೇ ದಿನವೇ ಶಾಲೆ ಟೀಚರಮ್ಮ ತಗೊಂಡು ಹೋದ್ರು."

"ಶಾಲೆಗೆ ಯಾಕೆ ಅದು?"

"ಅವರ ಶಾಲೆ ಗೋಡೆ ಬಿರುಕು ಬಿಟ್ಟಿದೆ. ಪುಸ್ತಕದಲ್ಲಿ ಹೇಳಿದ ಹಾಗೆ ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಅಂಟಿಸಿದ್ರಂತೆ. ಗಾಜು ಹಾಗೇ ಇದ್ರೆ ಗೋಡೆ ನಿಂತಿದೆ, ಒಡೆದ್ರೆ ಇನ್ನೂ ಸರೀತಾ ಇದೆ ಅಂತ. ಮೊನ್ನೆ ಗಾಜು ಒಡೆದಿದೆ. ಈಗ ಮಕ್ಕಳನ್ನೆಲ್ಲ ಆಟದ ಮೈದಾನದಲ್ಲಿ ಕೂರಿಸಿ ಪಾಠ ಮಾಡ್ತಿದ್ದಾರೆ. ಪುಸ್ತಕ ನಮಗೂ ಬೇಕು ಅಂತ ಆಗ್ಲೇ ಬೇರೆಯವರೂ ಹೇಳಿಹೋಗಿದ್ದಾರೆ."

ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ತಮ್ಮ ಬರೆದದ್ದು ಸಾರ್ ಅದು."

"ಹೌದಾ!" ಅವನು ಎದ್ದು ಕುರ್ಚಿ ಎಳೆದು ಅವಳನ್ನು ಕೂರಿಸಿದ. "ಹಾಗಾದ್ರೆ ಆ ಮುದ್ರೆಯೆಲ್ಲ ನಿಮ್ಮದೇ ಅನ್ನಿ. ಇಷ್ಟೊತ್ತಿಗೆ ಬಾಯಿಪಾಠ ಆಗಿರ್ಬೇಕಲ್ಲ ನಿಮಗೆ!"

"ನಂಗೆಲ್ಲಿ ಓದೋಕೆ ಬರುತ್ತೆ? ಕೈಯಲ್ಲಿ ಮುಟ್ಟಿ ಗುರುತು ಹಿಡೀತಿದ್ದೆ. ರಟ್ಟು ಸವೀತಾ ಬಂತು, ಅದಕ್ಕೇ ಅವನ ಕೆಲಸದ ಅಂಗಿ ಕತ್ತರಿಸಿ ಇದನ್ನ ಹೊಲಿದೆ."

"ಗಟ್ಟಿಯಾಗೇ ಹೊಲಿದಿದ್ದೀರಿ ಬಿಡಿ, ಬಿಚ್ಚೋಕೆ ಬ್ಲೇಡೇ ಬೇಕಾಯ್ತು," ಎಂದು ಅವನು ನಕ್ಕ. "ಆದ್ರೆ ಮೇಲೆ ಹೆಸರೇ ಇರ್ಲಿಲ್ಲ ನೋಡಿ. ಸಾಲಲ್ಲಿ ನಿಂತ ಪುಸ್ತಕದ ಬೆನ್ನು ಓದಿ ತಾನೆ ಜನ ಕೈ ಹಾಕೋದು? ಹೋದ ಮಳೆಗಾಲದಲ್ಲಿ ಹಿಂದಿನ ಬೀದೀಲಿ ಗೋಡೆ ಬಿದ್ದು ಒಬ್ಬಾಕೆ ತೀರಿಕೊಂಡ್ರಂತಲ್ಲ, ಆ ಮನೆಯವರ ಕೈಗೇನಾದ್ರೂ ಇದು ಸಿಕ್ಕಿದ್ದಿದ್ರೆ…"

ಅವನು ಸಹಜವಾಗಿ ಅಂದದ್ದು. ಅಷ್ಟರಲ್ಲಿ ಯಾರೋ ಪತ್ರಿಕೆ ಕೇಳಿಕೊಂಡು ಬಂದರು, ಅತ್ತ ತಿರುಗಿದ. ಹಿಂದಿನ ಬೀದಿಯ ಆ ಹೆಂಗಸು ರವಿಕೆ ಅಳತೆ ಕೊಡಲು ಬಂದು ತನ್ನ ಮುಂದೆ ಕೈ ಅಗಲಿಸಿ ನಿಲ್ಲುತ್ತಿದ್ದದ್ದು ಟೈಲರಮ್ಮನಿಗೆ ನೆನಪಾಯಿತು.

"ವಾಪಸ್ ಬಂದ ಮೇಲೆ ನಿಮಗೆ ತೆಗೆದಿಡ್ಲಾ ಅಮ್ಮಾ?"

"ಬೇಡ ಸಾರ್. ಓದೋರಿಗೇ ಕೊಡಿ."

ಹೊದಿಕೆಯನ್ನು ಎತ್ತಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅವಳು ಅದನ್ನು ತೊಡೆಯ ಮೇಲೆ ಹರಡಿದಳು. ಅಂಚಿನುದ್ದಕ್ಕೂ ಸಾದಾ ಹೊಲಿಗೆ. ಬೆನ್ನಿನ ಜಾಗದಲ್ಲಿ ಮಾತ್ರ, ಎಂದೂ ಹರಿಯದಿರಲಿ ಎಂದು, ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹೊಲಿದಿದ್ದಳು.