ಚಂದ್ರಾಮನ ಜಾಗಕ್ಕೆ ಚಪ್ಪಾಳೆ

“ಬಾಗಿಲಿಗಿ ಬಂದಾನ...” ಎಂದು ಎತ್ತಿದ ಲಲಿತಾಬಾಯಿ ಮುಂದಿನ ಮಾತು ಬರುತ್ತಲೇ ಗಪ್ಪನೆ ಬಾಯಿ ಮುಚ್ಚಿದಳು.

“ಮತ್ತ ನಿಂತಳು!” ಅತ್ತೆ ಮಹಾದೇವಮ್ಮ ಹಣೆ ಹಣೆ ಬಡಿದುಕೊಂಡಳು. “ಸಂಜಿಗಿ ಗೌರಿ ಹುಣ್ಣಿವಿ, ಓಣಿ ಮಂದಿಯೆಲ್ಲ ಬರ್ತದ. ನಾಲ್ಕು ನುಡಿ ಹಾಡು, ನಾಲ್ಕೂ ಕಡಿ ಅಲ್ಲೇ ನಿಲ್ತೀಯಲ್ಲ ಯವ್ವಾ! ಬಾಗಿಲಿಗಿ ಬಂದಾನ ಚಂದ್ರಾಮ. ಅನ್ನು.”

“ಆ ಮಾತು ನನಗ ಅನ್ನಾಕ ಬರಾಂಗಿಲ್ರಿ ಅತ್ತಿ.”

“ಯಾವ ಮಾತು?”

“ಅದೇ ಮಾತ್ರಿ.”

ಯಾವುದೆಂದು ತಿಳಿಸಬೇಕಾದರೆ ಅದನ್ನು ಅನ್ನಲೇಬೇಕಲ್ಲ! ಲಗ್ನವಾಗಿ ಐದು ತಿಂಗಳು, ಗಂಡನ ಹೆಸರೇ ಚಂದ್ರಾಮ. ಹೆಂಡತಿ ಹೆಸರೆತ್ತಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ತವರಿನವರು ಹೇಳಿ ಹೇಳಿ ಕಳಿಸಿದ್ದರು. ಅವನೋ ನಿಜಾಮರ ರೈಲ್ವೆಯಲ್ಲಿ ಫಾಯರ್‌ಮನ್, ದಿನಾ ಬೆಂಕಿಯ ಬಾಯಿಗೆ ಕಲ್ಲಿದ್ದಲು ತುಂಬುವವನು. ಇವತ್ತೂ ನಸುಕಿನಲ್ಲೇ ಸೇಡಂ ಕಡೆಯ ಗಾಡಿಯ ಮೇಲೆ ಹೋಗಿದ್ದ. ಅಂಥವನ ಆಯುಷ್ಯದ ಜೊತೆ ಆಟವೇ? ಮಹಾದೇವಮ್ಮನಿಗೆ ಮಾತ್ರ ಇದು ಹೊಳೆಯಲೊಲ್ಲದು. ಅವಳ ಬಾಯಲ್ಲಿ ಮಗ ಹುಟ್ಟಿದಾಗಿನಿಂದ ‘ತಮ್ಮ’. ಹಾಡಿನ ಚಂದ್ರಾಮ ಆಕಾಶದವನು.

“ಚಂದಮಾಮ ಅನ್ಲೇನ್ರಿ?” ಲಲಿತಾಬಾಯಿ ಮೆಲ್ಲಗೆ ಕೇಳಿದಳು.

“ಗೌರವ್ವಗ ತೆಲುಗು ಹಚ್ಚಬ್ಯಾಡ! ಇದು ನಿನ್ನ ತವರು ಕುಂಚಾವರಂ ಅಲ್ಲ, ವಾಡಿ. ಹಾಡಿನಾಗ ಒಂದು ಮಾತು ತಪ್ಪಿದ್ರೂ ಆರತಿ ತಾಟು ತಿರುಗಿ ಇಸಗೊಂತೀನಿ. ಎರಡನೇ ಸಾಲಿನಾಗ ಬಳಿ ಅಲ್ಲಾಡಸೂದಂತೂ ಮರೀಬ್ಯಾಡ.”

ಆ ಎರಡನೇ ಸಾಲು ಇನ್ನೊಂದು ಬಗೆಹರಿಯದ ಸಂಗತಿ. ‘ಶಿವ ಬಂದಾನ’ ಎನ್ನಬೇಕು, ಮಾತಿಲ್ಲದೆ ಘಲ್ ಘಲ್ ಎಂದು ಬಳೆ ಅಲ್ಲಾಡಿಸಬೇಕು, ಆಮೇಲೆ ‘ಏರಿ’ ಎನ್ನಬೇಕು. ಮಹಾದೇವಮ್ಮ ಗುಂಡಗುರ್ತಿಯ ತವರಿನಿಂದ ತಂದ ಹಾಡದು. ಅವಳು ಬಳೆ ಅಲ್ಲಾಡಿಸಿದಲ್ಲಿ ಮೂವತ್ತು ವರ್ಷದಿಂದ ಇಡೀ ಓಣಿ ಬಳೆ ಅಲ್ಲಾಡಿಸುತ್ತಿತ್ತು. ಶಿವ ಏನನ್ನು ಏರಿ ಬಂದನೆಂದು ಕೇಳುವ ಧೈರ್ಯ ಹೊಸ ಸೊಸೆಗೆಲ್ಲಿಂದ ಬರಬೇಕು?

ಸಂಜೆಯಾಯಿತು. ಸ್ಟೇಶನ್ನಿನ ಹಂಚಿನ ಮೇಲೆ ದುಂಡನೆಯ ಹುಣ್ಣಿಮೆ ಕಾಣಿಸಿತು. ಸಕ್ಕರೆಯ ಕುದುರೆ, ಗಿಳಿ, ಗೋಪುರ ಜೋಡಿಸಿದ ಆರತಿ ತಾಟು ಹಿಡಿದು ಹೆಂಗಸರು ಅಂಗಳ ತುಂಬಿದರು. ಮಾವ ನಂದೆಪ್ಪ ಹೊರಗೆ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ ಕುಳಿತ. ಪಕ್ಕದ ಮನೆಯ ಜೈತುನ್ಬೀ ವರ್ಷದ ರೂಢಿಯಂತೆ ತನ್ನ ಮಣೆ ತಾನೇ ತಂದು ಮುಂದೆಯೇ ಕುಳಿತಳು.

“ಬಾಗಿಲಿಗಿ ಬಂದಾನ...” ಲಲಿತಾಬಾಯಿ ಎತ್ತಿದಳು. ಆ ಜಾಗ ಬಂತು. ತಾಟನ್ನು ನೆಲಕ್ಕಿಟ್ಟವಳೇ ಕುಂಚಾವರದ ಹುಡುಗಿಯರ ಹಾಗೆ ಬಾಗಿ, ಸುತ್ತು ತಿರುಗಿ, ಮೂರು ಚಪ್ಪಾಳೆ ತಟ್ಟಿದಳು! ಹೆಂಗಸರು ಮುಖ ಮುಖ ನೋಡಿಕೊಂಡರು. ನೋಡಿಕೊಂಡು, ತಾವೂ ತಟ್ಟಿದರು.

ಎರಡನೆಯ ನುಡಿಯಲ್ಲಿ ಅವಳು ಕಿವಿಗೆ ಕೈಯಿಟ್ಟು, ಹೋದ ದಸರೆಗೆ ಸ್ಟೇಶನ್ ಬಯಲಿಗೆ ಬಂದಿದ್ದ ನಾಟಕ ಕಂಪನಿಯ ರಾಣಿಯ ಧಾಟಿಯಲ್ಲಿ “ಆ... ಆ... ಆ...” ಎಂದು ಉದ್ದನೆಯ ಆಲಾಪ ತೆಗೆದಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮಹಾದೇವಮ್ಮನ ಕಣ್ಣು ಕೆಂಪಾದವು. ಮೂರನೆಯದಕ್ಕೆ ಸೊಸೆಗೆ ತೊಂದರೆಯೇ ಆಗಲಿಲ್ಲ. ಅಂಗೈ ತುರಿಸುತ್ತಿದ್ದ ಜೈತುನ್ಬೀ ತಾನೇ ಕವ್ವಾಲಿ ಚಪ್ಪಾಳೆ ಹೊಡೆದು “ತೋಂ ತನನ ತೋಂ” ಎಂದು ಆ ಜಾಗ ತುಂಬಿ, “ವಾಹ್ ಬೇಟಿ, ವಾಹ್!” ಎಂದು ತನಗೆ ತಾನೇ ಶಹಬ್ಬಾಸ್ ಹೇಳಿಕೊಂಡಳು. ಅಂಗಳವೆಲ್ಲ ನಗೆ.

ಮಹಾದೇವಮ್ಮ ನಗಲಿಲ್ಲ. ಸೊಸೆ ಮತ್ತೆ ಕೈಗೆತ್ತಿಕೊಂಡಿದ್ದ ಆರತಿ ತಾಟಿಗೆ ಕೈ ಹಾಕಿದಳು. “ಸಾಕು ಮಾಡು. ಗೌರವ್ವನ ಹಾಡನ್ನ ಚುರಮುರಿ ಚೂಡಾ ಕಲಸಿದಂಗ ಕಲಸಿಟ್ಟಿ. ಕಡೀ ನುಡಿನಾದ್ರೂ ನೆಟ್ಟಗ ಅಂತೀಯೋ, ತಾಟು ಕೊಡ್ತೀಯೋ?”

ಲಲಿತಾಬಾಯಿಯ ಕಣ್ಣು ತುಂಬಿದವು. ಇದ್ದ ಆಟಗಳೆಲ್ಲ ಮುಗಿದಿದ್ದವು. ತಾಟು ಹೋದರೆ ಮಂದಿಯ ಮುಂದೆ ಮಾನ ಹೋದೀತು, ಹೆಸರು ಅಂದರೆ... ಬ್ಯಾಡವ್ವಾ ಗೌರವ್ವಾ, ತಾಟು ಹೋದರೆ ಹೋಗಲಿ ಎಂದುಕೊಂಡೇ ಎತ್ತಿದಳು: “ಬಾಗಿಲಿಗಿ ಬಂದಾನ...”

ತಾಟನ್ನು ಅತ್ತೆಯ ಕಡೆಗೆ ಚಾಚಿದಳು.

ಅಷ್ಟರಲ್ಲಿ ಚಿತ್ತಾಪುರದ ಕಡೆಯಿಂದ ಎಂಜಿನ್ನಿನ ಸೀಟಿ ಕೇಳಿಸಿತು. ಎರಡು ಗಿಡ್ಡ, ಒಂದು ಉದ್ದ. ಊರು ಹತ್ತಿರವಾದಾಗ ಡ್ರೈವರ್ ಸಾಹೇಬರನ್ನು ಕಾಡಿಬೇಡಿ ಆ ಸೀಟಿ ತಾನೇ ಎಳೆಯುವವನು ಯಾರೆಂದು ಓಣಿಗೆಲ್ಲ ಗೊತ್ತಿತ್ತು. ಲಲಿತಾಬಾಯಿಯ ಸೆರಗು ಮೂಗಿನ ತನಕ ಇಳಿಯಿತು. ಒಳಗೆ ನಗೆಯೋ ಅಳುವೋ, ತಾಟಿನ ಸಕ್ಕರೆ ಕುದುರೆ ಗಡಗಡ ನಡುಗಿತು.

ಜೈತುನ್ಬೀ ತೊಡೆ ತಟ್ಟಿಕೊಂಡಳು. “ಅರೆ ಅಕ್ಕಾ! ನಿನ್ನ ಮಗ ‘ತಮ್ಮ’ನ ಹೆಸರೇನು?”

“ನಿನಗೇನು ಮರವು ಬಡೀತೇನ? ಚಂದ್ರಾ...” ಎಂದ ಮಹಾದೇವಮ್ಮನ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು.

ಅಂಗಳದಲ್ಲಿ ನಗೆ ಹರಿದು ಹೊಟ್ಟೆ ಹಿಡಿದುಕೊಂಡವರೆಷ್ಟೋ. ಆ ಗದ್ದಲದಲ್ಲಿ ಲಲಿತಾಬಾಯಿಗೆ ಎಲ್ಲಿಲ್ಲದ ಧೈರ್ಯ ಬಂತು.

“ಅತ್ತೀ, ಎರಡನೇ ಸಾಲಿನಾಗ ಶಿವ ಏನು ಏರಿ ಬಂದಾನ್ರಿ?”

ನಗೆ ತಟ್ಟನೆ ನಿಂತಿತು. ಹೊರಗೆ ಕಟ್ಟೆಯ ಮೇಲೆ ನಂದೆಪ್ಪ ಸುಮ್ಮನೆ ಒಮ್ಮೆ ಕೆಮ್ಮಿದ. ಮಹಾದೇವಮ್ಮ ಐದು ತಿಂಗಳ ಮದುಮಗಳ ಹಾಗೆ ಸೆರಗನ್ನು ಹಣೆಯ ತನಕ ಎಳೆದುಕೊಂಡಳು. ತಾಟನ್ನು ಸೊಸೆಯ ಕೈಗೇ ದೂಡಿ, ಯಾರಿಗೂ ಕೇಳದ ಹಾಗೆ ಅಂದಳು:

“ನನಗ ನಾಲ್ಕು ಬಳಿ ಸಾಕಾಗಿದ್ದವು. ನಿನಗ ರೈಲ್ವೇನೇ ಬೇಕಾತು ನೋಡು!”