ಕೊನೆಯ ಹತ್ತು ಸಾಲು

‘ಯಂತ್ರಮಾನವ ಕೊನೆಗೆ ಮನೆಗೆ ಮರಳಿ ಅಜ್ಜಿಯ ಕನ್ನಡಕ ಒರೆಸಿಕೊಟ್ಟದ್ದನ್ನು ಓದಿ ಅತ್ತುಬಿಟ್ಟೆ.’ ವಾರಪತ್ರಿಕೆಯ ಓದುಗರ ಪುಟದಲ್ಲಿ ಈ ಪತ್ರ ನೋಡಿ ಲೇಖಕನ ಎದೆ ಧಸಕ್ಕೆಂದಿತು. ಅವನು ಬರೆದ ಕಥೆಯಲ್ಲಿ ಯಂತ್ರಮಾನವ ಮರಳುವುದೇ ಇಲ್ಲ. ಶನಿಗ್ರಹದ ಬಳಿ ಬ್ಯಾಟರಿ ಮುಗಿದು ಸಾಯುತ್ತಾನೆ.

ಹದಿನೆಂಟು ವರ್ಷದಿಂದ ಅವನು ಇದೇ ಪತ್ರಿಕೆಗೆ ವಿಜ್ಞಾನ ಕಥೆ ಬರೆಯುತ್ತಿದ್ದ. ಹೆಸರು ಮಾತ್ರ ಅವನ ಬೀದಿಯ ತಿರುವನ್ನೂ ದಾಟಿರಲಿಲ್ಲ. ಅಚ್ಚಾದ ಕಥೆಯನ್ನು ಅವನು ಓದುತ್ತಲೂ ಇರಲಿಲ್ಲ; ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ನಗುತ್ತಿದ್ದ. ಓದುತ್ತಿದ್ದದ್ದು ಓದುಗರ ಪುಟವನ್ನಷ್ಟೇ. ಪ್ರತಿ ಕಥೆಗೂ ‘ಕೊನೆ ಸೊಗಸಾಗಿತ್ತು’ ಎಂದು ಒಂದು ಪತ್ರ ಇದ್ದೇ ಇರುತ್ತಿತ್ತು. ಅದನ್ನು ನಂಬಿಕೊಂಡೇ ಮುಂದಿನ ಕಥೆಗೆ ಕೂರುತ್ತಿದ್ದ.

ಮೊದಲ ಗುಮಾನಿ ಸಂಪಾದಕರ ಮೇಲೆ; ಪತ್ರಿಕೆಯ ಕಚೇರಿಗೇ ಹೋಗಿ ಕೇಳಿದ. ಅವರು ತಲೆ ಎತ್ತದೆ, “ನಿಮ್ಮ ಕಥೆ ತಿದ್ದಬೇಕಾದ್ರೆ ಮೊದಲು ಓದ್ಬೇಕಲ್ಲಪ್ಪಾ” ಎಂದರು. ಅವಮಾನ ನುಂಗಿಕೊಂಡು ಅವನು ಕಚೇರಿಯ ಹಿಂಬದಿಯ ಅಚ್ಚುಕೂಟಕ್ಕೆ ನುಗ್ಗಿದ. ಅಲ್ಲಿದ್ದವನು ಸೀಸದ ಅಕ್ಷರಗಳ ಅಚ್ಚುಮೊಳೆ ಒಂದೊಂದಾಗಿ ಜೋಡಿಸುವ ಮುದುಕ ಒಬ್ಬನೇ.

“ಯಜಮಾನ್ರೇ, ನನ್ನ ಕಥೆ ಮುಟ್ಟಿದ್ದು ಯಾರು?”

“ನಾನೇನೂ ಜಾಸ್ತಿ ಸೇರಿಸಿಲ್ಲ ಸಾರ್!”

“ಸೇರಿಸಿದ್ದೀರಿ ಅಂತ ನಾನೆಲ್ಲಿ ಅಂದೆ?”

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಾಗಿತ್ತು. ಮುದುಕ ಮಸಿಗೈಯನ್ನು ಬಟ್ಟೆಗೆ ಒರೆಸಿಕೊಂಡ. “ಪುಟದ ಕೊನೇಲಿ ಹತ್ತು ಸಾಲಿನ ಜಾಗ ಉಳೀತು. ಖಾಲಿ ಬಿಟ್ರೆ ಬೈತಾರೆ. ಪಾಪ, ಅವನೂ ಅಲ್ಲೆಲ್ಲೋ ಒಬ್ಬನೇ ಸಾಯ್ತಿದ್ದ. ಮನೆಗೆ ಕಳಿಸ್ದೆ.”

“ಎಷ್ಟು ಕಥೆಗೆ ಹೀಗೆ ಮಾಡಿದೀರಿ?”

“ಜಾಗ ಉಳಿದಾಗೆಲ್ಲ.”

ಲೇಖಕನ ಮೈಯೆಲ್ಲ ಉರಿಯಿತು. ಆದರೂ ಹೊಗಳಿಕೆಯ ಆಸೆ ದೊಡ್ಡದು. “ಹೋಗ್ಲಿ, ಓದೋರಿಗಾದ್ರೂ ಹಿಡಿಸಿದೆಯಲ್ಲ” ಎಂದು ಪತ್ರಿಕೆ ಬಿಡಿಸಿ ಆ ಪತ್ರ ತೋರಿಸಿದ. ಮುದುಕ ಅದರತ್ತ ಕಣ್ಣು ಹಾಯಿಸದೆ ಮೊಳೆಯ ಪೆಟ್ಟಿಗೆಯನ್ನೇ ನೋಡುತ್ತ ನಿಂತ. ಲೇಖಕ ಪತ್ರಿಕೆಯನ್ನು ಅವನ ಮೂಗಿನ ಮುಂದೆಯೇ ಹಿಡಿದ.

“ಈ ಪತ್ರ ಬರೆದೋರು ಯಾರು?”

“ಓದುಗರ ಪುಟದಲ್ಲೂ ಜಾಗ ಉಳಿಯುತ್ತೆ ಸಾರ್.”

ಲೇಖಕ ಪಕ್ಕದ ಸ್ಟೂಲಿನ ಮೇಲೆ ಕುಸಿದ. ಹದಿನೆಂಟು ವರ್ಷ. ಹೆಂಡತಿ ಆ ಪತ್ರಗಳನ್ನೆಲ್ಲ ಕತ್ತರಿಸಿ ಪುಸ್ತಕಕ್ಕೆ ಅಂಟಿಸಿಟ್ಟಿದ್ದಳು.

“ಹಾಗಾದ್ರೆ ನನ್ನ ಕಥೆ ಒಬ್ರೂ ಓದಿಲ್ಲ.”

ಮುದುಕನಿಗೆ ಈಗ ಸಿಟ್ಟು ಬಂತು. ಕನ್ನಡಕ ತೆಗೆದು ಅವನನ್ನು ದಿಟ್ಟಿಸಿದ.

“ಒಂದೊಂದು ಅಕ್ಷರಾನೂ ಕೈಯಲ್ಲಿ ಹಿಡಿದು ಓದಿದೀನಿ ಸಾರ್. ಓದದೇ ಇದ್ದೋರು ನೀವು.”